ಬೆಳಿಗ್ಗೆ ನಿಮ್ಮ ಮೊದಲ ಮಾತು ಯಾವುದು?

ಪ್ರಶ್ನೆ: ಬೈಲಹೊಂಗಲದಿಂದ ಬಂದ ನಮ್ಮ ತಂದೆ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇಥ್ ಹಾಕಿ ಆರಂಭಿಸಿದ ವರ್ಕ್‌ಶಾಪಿನಲ್ಲಿ ಈಗ 46 ಜನರಿದ್ದಾರೆ. ವಾಹನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಎರಡು ವರ್ಷದ ಹಿಂದೆ ಹೊಣೆ ನನ್ನ ಕೈಗೆ ಬಂತು. ಪಗಾರ ಹೆಚ್ಚಿಸಿದೆ, ಬೆರಳಚ್ಚಿನ ಹಾಜರಿ ಯಂತ್ರ ತಂದೆ, ಎಂಟು ಕ್ಯಾಮೆರಾ ಹಾಕಿಸಿದೆ. ತೆಗೆದ ನಗಗಳ (ಬಿಡಿಭಾಗಗಳ) ಲೆಕ್ಕಕ್ಕೆ ಇನ್ಸೆಂಟಿವ್ ಇದೆ, ತಿಂಗಳ ಉತ್ತಮ ಕೆಲಸಗಾರನ ಫೋಟೊ ಇದೆ. ಆದರೂ ಒಂದು ವರ್ಷದಲ್ಲಿ 11 ಜನ ಬಿಟ್ಟು ಹೋದರು, ರಿಜೆಕ್ಷನ್, ಅಂದರೆ ತಪಾಸಣೆಯಲ್ಲಿ ತಿರಸ್ಕಾರವಾಗುವ ನಗ, ಹೆಚ್ಚಾಗಿದೆ. ತಂದೆಯ ಕಾಲದಿಂದ ಇರುವ ಸೂಪರ್‌ವೈಸರ್ ಮಾಮಾ ಸಭೆಯಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ಇವರಿಗೆ ಇನ್ನೇನು ಬೇಕು?

ಉತ್ತರ: ಉತ್ತರಕ್ಕೆ ಮೊದಲು ನನ್ನದೂ ಒಂದು ಪ್ರಶ್ನೆ. ಬೆಳಿಗ್ಗೆ ಶಾಪಿಗೆ ಕಾಲಿಟ್ಟ ಕೂಡಲೇ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? "ನಿನ್ನೆ ಎಷ್ಟು ನಗ ಆಯಿತು?" ಎಂದೇ ಇರಬೇಕು. ಪಿಂಪ್ರಿಯ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಮೂರು ದಶಕ ಕಳೆದವನು ನಾನು. ಗೋಡೆಯ ಮೇಲಿನ ಧ್ಯೇಯವಾಕ್ಯವನ್ನು ಯಾರಾದರೂ ನಿಂತು ಓದಿದ್ದನ್ನು ಕಂಡವನಲ್ಲ. ಸಾಹೇಬರ ಮೊದಲ ಮಾತು ಮಾತ್ರ ಹೆಲ್ಪರ್‌ನಿಂದ ಹಿಡಿದು ಎಲ್ಲರಿಗೂ ಬಾಯಿಪಾಠವಾಗಿರುತ್ತಿತ್ತು. ಸಂಸ್ಥೆಗಳ ಸಂಸ್ಕೃತಿಯನ್ನು ಬಹುಕಾಲ ಅಭ್ಯಾಸ ಮಾಡಿದ ಅಮೆರಿಕದ ಎಡ್ಗರ್ ಶೈನ್ ಹೇಳುತ್ತಿದ್ದುದೂ ಇದನ್ನೇ. ಮೇಲಿನವನು ಏನನ್ನು ವಿಚಾರಿಸುತ್ತಾನೆ, ಏನನ್ನು ಅಳೆಯುತ್ತಾನೆ, ಎಡವಟ್ಟಾದಾಗ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ನೋಡಿಯೇ ಜನ ಆ ಜಾಗದ ರೀತಿನೀತಿ ಕಲಿಯುತ್ತಾರೆ.

ಈಗ ರಾತ್ರಿ ಪಾಳಿಯ ಆಪರೇಟರ್‌ನ ಜಾಗದಲ್ಲಿ ನಿಂತು ನೋಡಿ. ಎರಡು ಗಂಟೆಯ ಹೊತ್ತಿಗೆ ಲೋಹ ಕತ್ತರಿಸುವ ತುದಿ, ಅಂದರೆ ಇನ್ಸರ್ಟ್, ಸವೆದಿದೆ, ಮೈಕ್ರೋಮೀಟರ್ ಹಿಡಿದರೆ ಅಳತೆ ಅಂಚಿಗೆ ಬಂದಿದೆ. ಯಂತ್ರ ನಿಲ್ಲಿಸಿ, ಇನ್ಸರ್ಟ್ ಬದಲಿಸಿ, ಯಂತ್ರದ ಅಳತೆಯ ಹೊಂದಾಣಿಕೆ (ಆಫ್‌ಸೆಟ್) ಸರಿಮಾಡಿ, ಮೊದಲ ನಗವನ್ನು ತಪಾಸಣೆಗೆ ಕೊಟ್ಟು ಕಾಯುವುದೆಂದರೆ ಇಪ್ಪತ್ತು ನಿಮಿಷ ಹೋಯಿತು. ಆ ಇಪ್ಪತ್ತು ನಿಮಿಷ ಅವನ ಜೇಬಿನಿಂದಲೇ ಕಳೆಯುತ್ತದೆ. ಮೇಲೆ ಬೆಳಿಗ್ಗೆ ನಿಮ್ಮ ಪ್ರಶ್ನೆ ಬೇರೆ ಕಾದಿದೆ. ಅವನು ಯಂತ್ರ ನಿಲ್ಲಿಸುವುದಿಲ್ಲ. ಅದನ್ನು ಸೋಮಾರಿತನವೆಂದೋ ದ್ರೋಹವೆಂದೋ ತಿಳಿಯಬೇಡಿ. ನೀವೇ ದುಡ್ಡು ಕೊಟ್ಟು ಕಲಿಸಿದ ಪಾಠ ಅದು. ನಿಮ್ಮ ರಿಜೆಕ್ಷನ್ ಹುಟ್ಟುತ್ತಿರುವುದು ಅಲ್ಲಿ.

ಟೊಯೋಟಾ ಕಾರ್ಖಾನೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಏರ್ಪಾಡು ಬೆಳೆದುಬಂತು. ದೋಷ ಕಂಡ ಯಾವ ಕೆಲಸಗಾರನಾದರೂ ಆಂಡನ್ ಎಂಬ ಸೂಚನಾ ದೀಪದ ಹಗ್ಗವನ್ನು ಎಳೆಯಬಹುದು (ಈಗ ಹಲವೆಡೆ ಹಗ್ಗದ ಬದಲು ಗುಂಡಿ ಇದೆ). ಟೀಮ್ ಲೀಡರ್ ಓಡಿ ಬರುತ್ತಾನೆ, ಕೂಡಲೇ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗ ಕಟ್ಟುವುದಕ್ಕೆ ನೂರು ರೂಪಾಯಿ ಸಾಕು. ಎಳೆದವನ ಮೇಲೆ ರೇಗದೆ ಇರುವುದೇ ದುಬಾರಿ.

ಪಗಾರ ಹೆಚ್ಚಿಸಿದ್ದು ಒಳ್ಳೆಯದು, ಅದನ್ನು ಮುಟ್ಟಬೇಡಿ. ಆದರೆ ಅದರಿಂದ ಹುರುಪು ಬರುತ್ತದೆಂದು ಕಾಯಬೇಡಿ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಹರ್ಜ್‌ಬರ್ಗ್ 1959ರಲ್ಲಿ ಮುಂದಿಟ್ಟ ಮಾತು ಇದು: ಪಗಾರ, ನಿಯಮ, ಮೇಲ್ವಿಚಾರಣೆ ಕೆಟ್ಟಿದ್ದರೆ ಜನ ಗೊಣಗುತ್ತಾರೆ, ಸರಿಯಿದ್ದರೆ ಗೊಣಗುವುದನ್ನು ನಿಲ್ಲಿಸುತ್ತಾರೆ, ಅಷ್ಟೆ, ಕೆಲಸದಲ್ಲಿ ಮನಸ್ಸು ತೊಡಗುವುದು ಸಾಧಿಸಿದ ತೃಪ್ತಿಯಿಂದ, ಸಿಕ್ಕ ಮನ್ನಣೆಯಿಂದ, ಹೊತ್ತ ಹೊಣೆಯಿಂದ. ಅವರ ವಿಧಾನಕ್ಕೆ ತಕರಾರುಗಳೂ ಇವೆ. ಯಾರನ್ನೇ ಕೇಳಿದರೂ ಗೆದ್ದದ್ದು ನನ್ನಿಂದ, ಸೋತದ್ದು ಕಂಪನಿಯಿಂದ ಎನ್ನುವುದು ಮನುಷ್ಯಸ್ವಭಾವವಲ್ಲವೇ? ಆದರೂ ದೀಪಾವಳಿ ಬೋನಸ್ ಕೈಗೆ ಬಂದ ಮೂರನೆಯ ದಿನಕ್ಕೆ ಶಾಪ್ ಎಂದಿನಂತೆ ಮಂಕಾಗುವುದನ್ನು ವರ್ಷವರ್ಷವೂ ನೋಡಿದವನಿಗೆ ಹರ್ಜ್‌ಬರ್ಗ್ ಮಾತು ತಳ್ಳಿಹಾಕುವಂಥದ್ದಲ್ಲ. ಅದರಲ್ಲೂ ನಿಗದಿತ ಮಿತಿಯೊಳಗೆ ಪಗಾರ ಪಡೆಯುವವರಿಗೆ ಶೇ 8.33ರಷ್ಟು ಬೋನಸ್ ಕಾನೂನಿನ ಪ್ರಕಾರ ಕನಿಷ್ಠ ಹಕ್ಕು. ಅದನ್ನು ಔದಾರ್ಯವೆಂದು ಸಾರಿದರೆ ಜನ ಒಳಗೊಳಗೇ ನಗುತ್ತಾರೆ.

ಕ್ಯಾಮೆರಾಗಳ ವಿಷಯಕ್ಕೆ ಬರೋಣ. ಯಂತ್ರದ ಸುರಕ್ಷತೆಗೆ, ಸ್ಟೋರ್‌ಗೆ, ಗೇಟಿಗೆ ಇರಲಿ. ಒಬ್ಬೊಬ್ಬ ಆಪರೇಟರ್‌ನ ನೆತ್ತಿಯ ಮೇಲಿರುವುದು "ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ದಿನವಿಡೀ ಒದರುತ್ತಿರುತ್ತದೆ. (ಆ ಗಾದೆಯ ಇನ್ನೊಂದು ತುಣುಕು ಮಗನ ಬಗ್ಗೆ ಇದೆ. ನಾನು ಹೇಳುವುದಿಲ್ಲ, ತಂದೆಯವರನ್ನು ಕೇಳಿಕೊಳ್ಳಿ.) ನಿಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಪಾಳುಭೂಮಿಯಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರನ್ನು ಕಟ್ಟಿದರು. ಅಲ್ಲಿ ರಾತ್ರಿ ಕಾವಲಿಗೆ ಅವರು ಇಟ್ಟುಕೊಂಡದ್ದು ಜೈಲುಶಿಕ್ಷೆ ಮುಗಿಸಿ ಬಂದವರನ್ನು. ನೀವು ಅಷ್ಟು ದೂರ ಹೋಗಬೇಕಿಲ್ಲ. ಹದಿನೈದು ವರ್ಷ ನಿಮ್ಮ ಮನೆಯ ಅನ್ನಕ್ಕೆ ದುಡಿದವನನ್ನು ಕಳ್ಳನಂತೆ ನೋಡದಿದ್ದರೆ ಸಾಕು.

ಬೆರಳಚ್ಚಿನ ಯಂತ್ರವನ್ನು ಮಾತ್ರ ತೆಗೆಯಬೇಡಿ. ತಂದೆಯ ಕಾಲ ಚಿನ್ನದ ಕಾಲ ಎಂದು ಹೇಳುವವನಲ್ಲ ನಾನು. ಚೀಟಿಯಲ್ಲಿ ಓವರ್‌ಟೈಮ್ ಬರೆದು, ಮುಖ ನೋಡಿ ಮುಂಗಡ ಕೊಡುತ್ತಿದ್ದ ಶಾಪ್‌ಗಳನ್ನು ಬೇಕಾದಷ್ಟು ಕಂಡಿದ್ದೇನೆ. ಯಂತ್ರ ಯಾರ ಮುಖವನ್ನೂ ನೋಡುವುದಿಲ್ಲ. ನಿಮ್ಮ ಬೆರಳೂ ದಿನಾ ಅದರ ಮೇಲೆ ಬೀಳಲಿ.

ಮಾಮಾ ಯಾಕೆ ಮೌನವಾಗಿದ್ದಾರೆ? ಹಿಂದೆ ಯಾವಾಗಲೋ ಅವರು ಒಂದು ಮಾತು ಹೇಳಿರಬೇಕು, ನೀವು ಎಲ್ಲರೆದುರು ಲ್ಯಾಪ್‌ಟಾಪ್ ತಿರುಗಿಸಿ ಅಂಕಿ ತೋರಿಸಿರಬೇಕು. ಅವರನ್ನು ಕ್ಯಾಬಿನ್‌ಗೆ ಕರೆಸಬೇಡಿ. ಗುರುವಾರದ ರಜೆಯ ದಿನ ಅವರ ಮನೆಗೇ ಹೋಗಿ, ಚಹಾ ಕುಡಿದು, "ಶಾಪ್‌ನಲ್ಲಿ ಏನು ಕೆಟ್ಟಿದೆ ಮಾಮಾ?" ಎಂದು ಕೇಳಿ. ಅವರು ಹೇಳುವಾಗ ಸಮಜಾಯಿಷಿ ಕೊಡಬೇಡಿ. ಹೇಳಿದ್ದರಲ್ಲಿ ಒಂದನ್ನಾದರೂ ವಾರದೊಳಗೆ ಸರಿಪಡಿಸಿ, ಇದು ಮಾಮಾ ಹೇಳಿದ್ದು ಎಂದು ಎಲ್ಲರಿಗೂ ತಿಳಿಯುವಂತೆ ಹೇಳಿ.

ಇನ್ಸೆಂಟಿವ್ ಪಾಸಾದ ನಗಕ್ಕೆ ಮಾತ್ರ ಇರಲಿ, ಅದೂ ಇಡೀ ಪಾಳಿಗೆ ಸೇರಿ. ಟೂಲ್ ಬದಲಿಸಲು ಯಂತ್ರ ನಿಲ್ಲಿಸಿದ ಹೊತ್ತನ್ನು ಕಳೆಯಬೇಡಿ. ಫೋಟೊ ಇಳಿಸಿಬಿಡಿ. ಬಿಟ್ಟು ಹೋದವರಲ್ಲಿ ಇಬ್ಬರನ್ನಾದರೂ ಭೇಟಿಯಾಗಿ. ಈಗ ನಿಮ್ಮ ಹಂಗಿಲ್ಲದ್ದರಿಂದ ನಿಜ ಹೇಳುತ್ತಾರೆ.

ಬೆಳಗಿನ ಮೊದಲ ಮಾತನ್ನು "ನಿನ್ನೆ ಏನು ಕೈಕೊಟ್ಟಿತು?" ಎಂದು ಬದಲಿಸಿ. ಮೊದಮೊದಲು ಯಾರೂ ಉತ್ತರ ಕೊಡುವುದಿಲ್ಲ. ಒಂದು ದಿನ ಯಾವನೋ ಹುಡುಗ ಧೈರ್ಯ ಮಾಡಿ "ರಾತ್ರಿ ಮೂವತ್ತು ನಗ ನನ್ನಿಂದ ಕೆಟ್ಟವು" ಎನ್ನುತ್ತಾನೆ. ಆಗ ಉಳಿದವರೆಲ್ಲ ನೋಡುತ್ತಿರುವುದು ಆ ನಗಗಳನ್ನಲ್ಲ, ನಿಮ್ಮ ಮುಖವನ್ನು.

ಪ್ರಶ್ನೆ: ಗೋವಾದ ಮಡಗಾಂವ್‌ನ ಹೋಟೆಲೊಂದರಲ್ಲಿ ನಾನು ಕ್ಯಾಪ್ಟನ್, ಅಂದರೆ ಬಡಿಸುವ ಹುಡುಗರ ಮೇಲ್ವಿಚಾರಕ. ಮಾಲಕರು ಗಿರಾಕಿಗಳ ಎದುರೇ ಹುಡುಗರನ್ನು ಬೈಯುತ್ತಾರೆ. ಸೀಸನ್ ನಡುವೆಯೇ ಹುಡುಗರು ಬಿಟ್ಟು ಹೋಗುತ್ತಾರೆ. ಮಾಲಕನಲ್ಲದ ನಾನು ಏನು ಮಾಡಲಿ?

ಉತ್ತರ: ಮಾಲಕರ ನಾಲಿಗೆ ನಿಮ್ಮ ಕೈಯಲ್ಲಿಲ್ಲ, ನಿಮ್ಮ ಟೇಬಲ್‌ಗಳು ಇವೆ. ಹುಡುಗನ ಕೈತಪ್ಪಿದಾಗ ಮಾಲಕರ ಮುಂದೆ "ನಾನು ನೋಡಿಕೊಳ್ಳುತ್ತೇನೆ" ಎಂದು ನಡುವೆ ನಿಲ್ಲಿ. ತಿದ್ದುವುದನ್ನು ಆಮೇಲೆ, ಅಡುಗೆಮನೆಯ ಹಿಂದೆ, ಅವನೊಬ್ಬನ ಎದುರು ಮಾಡಿ. ಮಾಲಕರಿಗೆ ನೀತಿ ಹೇಳಲು ಹೋಗಬೇಡಿ, ಲೆಕ್ಕ ಹೇಳಿ. ಯಾರು ಯಾವ ದಿನ ಬಿಟ್ಟರು, ಹೊಸಬ ಮೆನು ಕಲಿಯಲು ಎಷ್ಟು ದಿನ ಹಿಡಿಯಿತು, ಆ ದಿನಗಳಲ್ಲಿ ಎಷ್ಟು ಆರ್ಡರ್ ತಪ್ಪಾಗಿ ವಾಪಸ್ಸಾದವು ಎಂದು ಡೈರಿಯಲ್ಲಿ ಬರೆದಿಡಿ. ರಾತ್ರಿ ಗಲ್ಲಾ ಎಣಿಸಿ ಮುಗಿದ ಮೇಲೆ, ಅವರು ಸಮಾಧಾನದಲ್ಲಿರುವಾಗ ತೋರಿಸಿ. ಒಂದು ಸೀಸನ್ ನೋಡಿ. ಬದಲಾಗದಿದ್ದರೆ ನೀವೂ ಬೇರೆ ಕಡೆ ಕೆಲಸ ಹುಡುಕಿಕೊಳ್ಳಿ, ಡೈರಿಯನ್ನು ಮಾತ್ರ ಮಾಲಕರ ಮೇಜಿನ ಮೇಲೆ ಬಿಟ್ಟು ಬನ್ನಿ.