ಒಂದೇ ಪುಸ್ತಕ, ಎರಡು ಎಂಟ್ರೆನ್ಸ್: ಕಾಸರಗೋಡಿನಿಂದ ಉತ್ತರ

ದಾವಣಗೆರೆಯಿಂದ ಕಾಸರಗೋಡಿಗೆ ವರ್ಗವಾಗಿದೆ, ಮಗಳು ಹತ್ತನೇ ಮುಗಿಸಿದ್ದಾಳೆ, ಇಲ್ಲಿ ಓದಿಸಿದರೆ ಎಂಜಿನಿಯರಿಂಗ್ ಸೀಟಿಗೆ ತೊಂದರೆ ಆಗುತ್ತದಾ ಎಂದು ಕೇಳಿದ್ದೀರಿ. ಇಲ್ಲಿನ ಮಕ್ಕಳು ಯಾವ ಸಿಇಟಿ ಬರೆಯುತ್ತಾರೆ ಎಂದೂ ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ಸುಲಭ. ಎಲ್ಲವನ್ನೂ ಬರೆಯುತ್ತಾರೆ. ಮೊದಲನೆಯದಕ್ಕೆ ಸ್ವಲ್ಪ ಉದ್ದ ಹೇಳಬೇಕು.

ಇಲ್ಲಿ ಪಿಯುಸಿ ಇಲ್ಲ, ಪ್ಲಸ್ ವನ್ ಮತ್ತು ಪ್ಲಸ್ ಟು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಸಿಇಟಿ ಎಂದರೆ ಕರ್ನಾಟಕದ್ದು, ಕೇರಳದ್ದು ಕೀಮ್. ಕೋಚಿಂಗಿಗೆ ಹೋಗುವ ಮಗುವನ್ನು 'ಎಂಟ್ರೆನ್ಸಿಗೆ ಹೋಗ್ತಾನೆ' ಎನ್ನುತ್ತಾರೆ. ಪ್ಲಸ್ ಟು ಮುಗಿಸಿ ಒಂದು ವರ್ಷ ಎಂಟ್ರೆನ್ಸಿಗೇ ಕೂತರೆ ಅವನು ರಿಪೀಟರ್. ಪಾಲಾ, ತ್ರಿಶೂರಿನ ಕಡೆ ಹಾಸ್ಟೆಲಿನಲ್ಲಿದ್ದಾನೆ ಎಂದು ಯಾರಾದರೂ ಹೇಳಿದರೆ ಅದು ಹೆಚ್ಚಾಗಿ ಇದೇ ಲೆಕ್ಕ.

ಪುಸ್ತಕದ ಬಗ್ಗೆ ಹೆದರಬೇಡಿ. ಗಡಿಯ ತಲಪಾಡಿಯ ಆಚೆಯೂ ಈಚೆಯೂ ಅದೇ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕ. ಬದಿಯಡ್ಕದ ಹುಡುಗಿ ಓದುವ ಭೌತಶಾಸ್ತ್ರದ ಪಾಠವನ್ನೇ ಪುತ್ತೂರಿನ ಹುಡುಗಿಯೂ ಓದುತ್ತಾಳೆ. ಬೇರೆ ಇರುವುದು ಪರೀಕ್ಷೆಯ ಸ್ವಭಾವ. ನನ್ನ ಹತ್ತಿರ ಸಂಜೆ ಟ್ಯೂಷನ್‌ಗೆ ಬರುವ ಮಕ್ಕಳಿಗೆ ಮೊದಲ ವಾರವೇ ಇದನ್ನು ಹೇಳಿಬಿಡುತ್ತೇನೆ. ಒಂದೇ ಪಾಠವನ್ನು ಎರಡು ರೀತಿ ಬರೆಯಲು ಕಲಿಯಬೇಕು, ಪಾಠ ಕಲಿಯುವುದಕ್ಕಿಂತ ಅದೇ ಕಷ್ಟ.

ಕೀಮ್ 2024ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಮೂರು ಗಂಟೆ, 150 ಪ್ರಶ್ನೆ. ಗಣಿತ 75, ಭೌತಶಾಸ್ತ್ರ 45, ರಸಾಯನಶಾಸ್ತ್ರ 30. ಸರಿಯಾದರೆ 4 ಅಂಕ, ತಪ್ಪಿದರೆ 1 ಅಂಕ ಕಟ್. ಪ್ರತಿ ಪ್ರಶ್ನೆಗೆ ಐದು ಆಯ್ಕೆ. ಕರ್ನಾಟಕದ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ನಾಲ್ಕು ಆಯ್ಕೆ, ಪೆನ್ನಿನಲ್ಲಿ ಗುಂಡಿ ತುಂಬುವ ಓಎಂಆರ್ ಹಾಳೆ, ತಪ್ಪಿಗೆ ಕಟ್ ಇಲ್ಲ. ಅಂದರೆ ಕೀಮ್‌ನಲ್ಲಿ ಒಂದು ಪ್ರಶ್ನೆಗೆ 72 ಸೆಕೆಂಡ್, ಸಿಇಟಿಯಲ್ಲಿ 80. ನೋಡಲು ದೊಡ್ಡ ವ್ಯತ್ಯಾಸ ಅನಿಸುವುದಿಲ್ಲ. ಆದರೆ ಕೀಮ್‌ನ ಅರ್ಧ ಅಂಕ ಗಣಿತದ್ದು, ಸಿಇಟಿಯಲ್ಲಿ ಗಣಿತಕ್ಕೆ ಮೂರರಲ್ಲಿ ಒಂದು ಪಾಲು ಮಾತ್ರ. ಲೆಕ್ಕ ಕೈಕೊಟ್ಟರೆ ಕೀಮ್‌ನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಎರಡೂ ಸೇರಿ ಎತ್ತಿದರೂ ಮೇಲೆ ಬರುವುದು ಕಷ್ಟ. ಹಾಗಾಗಿ ಗಣಿತದಲ್ಲಿ ಗಟ್ಟಿ ಇರುವವರು ಕೀಮ್ ಕಡೆ ವಾಲುತ್ತಾರೆ. ಮೂರೂ ವಿಷಯ ಸುಮಾರಾಗಿ ಓದಿದವರಿಗೆ ಸಿಇಟಿಯೇ ಒಳ್ಳೆಯದು.

ಇನ್ನು ಊಹೆ ಹೊಡೆಯುವ ವಿಷಯ. ಕೀಮ್‌ನಲ್ಲಿ ಏನೂ ಗೊತ್ತಿಲ್ಲದೆ 25 ಪ್ರಶ್ನೆಗೆ ಸುಮ್ನೆ ಉತ್ತರ ಒತ್ತಿದಿರಿ ಅಂತ ಇಟ್ಟುಕೊಳ್ಳಿ. ಐದು ಆಯ್ಕೆ ಇರುವುದರಿಂದ ಸರಾಸರಿ 5 ಸರಿಯಾಗುತ್ತವೆ, 20 ಅಂಕ ಬರುತ್ತದೆ. ಉಳಿದ 20 ತಪ್ಪು, 20 ಅಂಕ ಹೋಗುತ್ತದೆ. ಕೈಗೆ ಬಂದದ್ದು ಸೊನ್ನೆ, ಹೋದದ್ದು ಸಮಯ. ಸಿಇಟಿಯಲ್ಲಿ ಇದೇ ರೀತಿ 20 ಪ್ರಶ್ನೆಗೆ ಗುಂಡು ಹೊಡೆದರೆ ಸುಮಾರು 5 ಅಂಕ ಪುಕ್ಕಟೆ. ಅಲ್ಲಿ ಒಂದು ಗುಂಡಿಯನ್ನೂ ತುಂಬದೆ ಬಿಟ್ಟು ಬರುವುದು ದಡ್ಡತನ. ಕೀಮ್‌ನಲ್ಲಿ ಒಂದು ಆಯ್ಕೆಯನ್ನಾದರೂ ಹೊಡೆದುಹಾಕಿದ ಮೇಲೆ ಒತ್ತಿದರೆ ಮಾತ್ರ ಲಾಭದ ಕಡೆಗೆ ತಿರುಗುತ್ತದೆ. ಫಿಸಿಕ್ಸಿನಲ್ಲಿ ಇದಕ್ಕೆ ಆಯಾಮ ನೋಡುವುದು, ಅಂದರೆ ಡೈಮೆನ್ಶನ್ ಚೆಕ್, ಬಹಳ ಉಪಯೋಗ. ಕಾಲ ಕೇಳಿದ್ದಾರೆ, ಆಯ್ಕೆಯಲ್ಲಿ ಒಂದಕ್ಕೆ ವೇಗದ ಆಯಾಮ ಬರುತ್ತಿದೆ ಎಂದರೆ ಅದನ್ನು ಅಲ್ಲೇ ಬಿಟ್ಟುಬಿಡಬಹುದು. ಮಕ್ಕಳು ಇದನ್ನು ಪ್ಲಸ್ ವನ್‌ನ ಶುರುವಿನಲ್ಲೇ ಓದಿ, ಚಿಕ್ಕ ಪಾಠ ಎಂದು ಅಲ್ಲಿಯೇ ಮರೆಯುತ್ತಾರೆ.

ಒಂದು ಲೆಕ್ಕ ತೋರಿಸುತ್ತೇನೆ, ನೀವೂ ಮಗಳ ಜೊತೆ ಮಾಡಿ ನೋಡಿ. ಗೋಪುರದ ಮೇಲಿಂದ ಬಿಟ್ಟ ಕಲ್ಲು ಕೊನೆಯ ಸೆಕೆಂಡಿನಲ್ಲಿ 25 ಮೀಟರ್ ಬೀಳುತ್ತದೆ. ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ ಗೋಪುರದ ಎತ್ತರ ಎಷ್ಟು? ಪ್ಲಸ್ ಟು ಉತ್ತರ ಪತ್ರಿಕೆಯಲ್ಲಾದರೆ ಸೂತ್ರ ಬರೆದು, ಪೂರ್ತಿ ಕಾಲಕ್ಕೆ ಒಮ್ಮೆ, ಒಂದು ಸೆಕೆಂಡ್ ಕಡಿಮೆಗೆ ಒಮ್ಮೆ ದೂರ ಕಂಡುಹಿಡಿದು, ಒಂದರಿಂದ ಒಂದು ಕಳೆದು ಕಾಲ 3 ಸೆಕೆಂಡ್, ಎತ್ತರ 45 ಮೀಟರ್ ಎಂದು ತೋರಿಸಬೇಕು. ಹೆಜ್ಜೆಗೆ ಅಂಕ ಉಂಟಲ್ಲ. ಎಂಟ್ರೆನ್ಸಿನಲ್ಲಿ ಅಷ್ಟು ಪುರುಸೊತ್ತು ಎಲ್ಲಿ? ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 5, ಎರಡನೆಯದರಲ್ಲಿ 15, ಮೂರನೆಯದರಲ್ಲಿ 25 ಮೀಟರ್ ಬೀಳುತ್ತದೆ. 25 ಬಂತು, ನಿಲ್ಲಿಸಿ, ಮೂರನ್ನೂ ಕೂಡಿಸಿ: 45. ಪೆನ್ನು ಬೇಕಾಗಿಲ್ಲ.

ಕೋಚಿಂಗಿನಲ್ಲಿ ಈ 1, 3, 5ರ ಅನುಪಾತವನ್ನು ಬಾಯಿಪಾಠ ಮಾಡಿಸುತ್ತಾರೆ. ತಪ್ಪಿಲ್ಲ. ಆದರೆ ನಾನು ಮಾರನೇ ದಿನ ಅದೇ ಲೆಕ್ಕವನ್ನು ಸ್ವಲ್ಪ ತಿರುಚುತ್ತೇನೆ. ಕಲ್ಲನ್ನು ಬಿಡುವ ಬದಲು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೆಳಕ್ಕೆ ಎಸೆದೆ, ಕೊನೆಯ ಸೆಕೆಂಡಿನಲ್ಲಿ 30 ಮೀಟರ್ ಬಿತ್ತು, ಈಗ ಎತ್ತರ ಎಷ್ಟು? ಬಾಯಿಪಾಠದವರು 5, 15, 25, 35 ಎಂದು ಎಣಿಸಿ, 30 ಎಲ್ಲೂ ಸಿಗದೆ ನನ್ನ ಮುಖ ನೋಡುತ್ತಾರೆ. ಅನುಪಾತ ಎಲ್ಲಿಂದ ಬಂತು ಎಂದು ಗೊತ್ತಿರುವವರು ಪ್ರತಿ ಸೆಕೆಂಡಿಗೆ 5 ಸೇರಿಸಿ 10, 20, 30 ಎಂದು ಹೇಳಿ 60 ಮೀಟರ್ ಎನ್ನುತ್ತಾರೆ. ಉದ್ದದ ದಾರಿಯನ್ನು ಒಮ್ಮೆ ನಡೆದವರಿಗೆ ಮಾತ್ರ ಒಳದಾರಿ ಕೆಲಸಕ್ಕೆ ಬರುತ್ತದೆ.

ಗಣಿತದಲ್ಲೂ ಇದೇ. ಸೊನ್ನೆಯಿಂದ ಪೈ ಬೈ ಟು ವರೆಗೆ ಒಂದು ಇಂಟಿಗ್ರಲ್: ಮೇಲೆ ಸೈನ್ ಎಕ್ಸ್‌ನ ವರ್ಗಮೂಲ, ಕೆಳಗೆ ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ನ ವರ್ಗಮೂಲಗಳ ಮೊತ್ತ. ಎಕ್ಸ್ ಇದ್ದಲ್ಲಿ ಪೈ ಬೈ ಟು ಮೈನಸ್ ಎಕ್ಸ್ ಹಾಕಿದರೆ ಸೈನ್, ಕಾಸ್ ಜಾಗ ಬದಲಾಯಿಸುತ್ತವೆ. ಎರಡನ್ನೂ ಕೂಡಿಸಿದರೆ ಒಳಗೆ ಉಳಿಯುವುದು ಬರೀ ಒಂದು. ಉತ್ತರ ಪೈ ಬೈ ಫೋರ್. ವರ್ಗಮೂಲದ ಬದಲು ಐದನೇ ಘಾತ ಹಾಕಲಿ, ನೂರನೇ ಘಾತ ಹಾಕಲಿ, ಉತ್ತರ ಅದೇ. ಇದು ಕಂಡರೆ ಹತ್ತು ಸೆಕೆಂಡು, ಕಾಣದಿದ್ದರೆ ಹತ್ತು ನಿಮಿಷವೂ ಸಾಲದು. ಕೀಮ್‌ನ 75 ಗಣಿತದ ಪ್ರಶ್ನೆಗಳಲ್ಲಿ ಇಂಥವನ್ನು ಮೊದಲು ಹೆಕ್ಕಿ ಮುಗಿಸಬೇಕು. ಉದ್ದ ಲೆಕ್ಕವನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯ ವಿದ್ಯಾರ್ಥಿಗಳಿಗೇ ಜಾಸ್ತಿ ಕಷ್ಟ. ಬಿಡಲು ಮನಸ್ಸು ಬರುವುದಿಲ್ಲ.

ಇಲ್ಲಿ ಒಂದು ಅನುಕೂಲವನ್ನೂ ಹೇಳಬೇಕು. ಕೇರಳದಲ್ಲಿ ಪ್ಲಸ್ ವನ್‌ಗೂ ಪಬ್ಲಿಕ್ ಪರೀಕ್ಷೆ ಉಂಟು, ಅದರ ಅಂಕ ಕೊನೆಯ 1200ಕ್ಕೆ ಸೇರುತ್ತದೆ. ಹಾಗಾಗಿ ಮೊದಲ ವರ್ಷವನ್ನು ಯಾರೂ ಆಟ ಆಡುತ್ತಾ ಕಳೆಯುವುದಿಲ್ಲ. ನಿಮ್ಮ ಕಡೆ ಮೊದಲ ಪಿಯುಸಿ ಅಂಕ ಎಲ್ಲಿಯೂ ಲೆಕ್ಕಕ್ಕಿಲ್ಲ ಎಂದು ಮಕ್ಕಳು ಅದನ್ನು ಹಗುರ ಮಾಡುತ್ತಾರೆ, ಅಲ್ವಾ? ಆದರೆ ಬಲವಿಜ್ಞಾನ, ತ್ರಿಕೋನಮಿತಿ, ಬೈನಾಮಿಯಲ್, ಪ್ರೊಗ್ರೆಶನ್ ಎಲ್ಲ ಆ ವರ್ಷದ್ದೇ. ಸಿಇಟಿಯೂ ಕೀಮೂ ಎರಡು ವರ್ಷದಿಂದಲೂ ಕೇಳುತ್ತವೆ.

ಪ್ಲಸ್ ಟು ಅಂಕ ಬಿಡುವ ಹಾಗೂ ಇಲ್ಲ. ಎರಡೂ ಕಡೆ ರ‍್ಯಾಂಕಿಗೆ ಅರ್ಧ ಪ್ರವೇಶ ಪರೀಕ್ಷೆ, ಅರ್ಧ ಹನ್ನೆರಡನೇ ಅಂಕ. ಕೇರಳದಲ್ಲಿ ಬೇರೆ ಬೇರೆ ಬೋರ್ಡಿನ ಅಂಕವನ್ನು ಒಂದೇ ಅಳತೆಗೆ ತರಲು ಒಂದು ಸೂತ್ರ ಉಂಟು. 2025ರಲ್ಲಿ ಫಲಿತಾಂಶ ಹೊರಬೀಳುವ ಹೊತ್ತಿಗೆ ಸರಿಯಾಗಿ ಸರ್ಕಾರ ಆ ಸೂತ್ರವನ್ನು ಬದಲಿಸಿತು, ಗಣಿತ, ಫಿಸಿಕ್ಸ್, ಕೆಮಿಸ್ಟ್ರಿಗೆ 5:3:2 ತೂಕ ಕೊಟ್ಟಿತು. ಹೈಕೋರ್ಟ್ ಜುಲೈಯಲ್ಲಿ ಅದನ್ನು ರದ್ದು ಮಾಡಿತು. ಹಳೆಯ ಸೂತ್ರದಲ್ಲಿ ಹೊಸ ಪಟ್ಟಿ ಬಂತು, ಮೊದಲ ಪಟ್ಟಿಯಲ್ಲಿ ಮುಂದಿದ್ದ ಸ್ಟೇಟ್ ಸಿಲಬಸ್ ಮಕ್ಕಳಲ್ಲಿ ಹಲವರು ಹಿಂದೆ ಹೋದರು. ಕರ್ನಾಟಕದಲ್ಲಿ ಎಲ್ಲವೂ ಸರಿ ಎಂದೇನಿಲ್ಲ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗದಿಂದ ಪ್ರಶ್ನೆ ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆಯಬೇಕಾಯಿತು. ಅದರಲ್ಲಿ ಗಣಿತದ್ದು 15, ಭೌತಶಾಸ್ತ್ರದ್ದು 9. ಆ ಪ್ರಶ್ನೆಗಳ ಮೇಲೆ ಮಕ್ಕಳು ಕಳೆದ ನಿಮಿಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ಭಾಷೆಯ ಮಾತಿಗೆ ಬರೋಣ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಹತ್ತನೇವರೆಗೆ ಕನ್ನಡ ಮಾಧ್ಯಮ ಉಂಟು. ಕೇರಳ ಸರ್ಕಾರವೇ ಕನ್ನಡದಲ್ಲಿ ಗಣಿತ, ವಿಜ್ಞಾನದ ಪುಸ್ತಕ ಅಚ್ಚು ಹಾಕುತ್ತದೆ. ಪ್ಲಸ್ ವನ್‌ಗೆ ಬಂದ ಕೂಡಲೇ ಪುಸ್ತಕ ಇಂಗ್ಲಿಷ್, ಮೇಷ್ಟ್ರು ವಿವರಿಸುವುದು ಹೆಚ್ಚಾಗಿ ಮಲಯಾಳದಲ್ಲಿ, ಮನೆಗೆ ಬಂದರೆ ತುಳುವೋ ಹವ್ಯಕವೋ ಬ್ಯಾರಿಯೋ. ಮೊದಲ ಮೂರು ತಿಂಗಳು ಕನ್ನಡ ಮಾಧ್ಯಮದ ಮಕ್ಕಳು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಓಣಂ ಪರೀಕ್ಷೆಯ ಹೊತ್ತಿಗೆ ಹೇಗೋ ಹೊಂದಿಕೊಳ್ಳುತ್ತಾರೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಶಾಲೆಗೇ ನೇಮಿಸಿದ್ದರ ವಿರುದ್ಧ ಇಲ್ಲಿ ಆಗಾಗ ಪ್ರತಿಭಟನೆ ಆಗುವುದುಂಟು. ಅಂಥ ಶಾಲೆಯಿಂದ ಬಂದ ಮಕ್ಕಳ ಬುನಾದಿಯನ್ನೇ ಮತ್ತೆ ಹಾಕಬೇಕು. ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನವರ 'ಕೀ ಟು ಎಂಟ್ರೆನ್ಸ್' ಎಂಬ ಉಚಿತ ತರಬೇತಿ ಚೆನ್ನಾಗಿದೆ, ಆದರೆ ಪಾಠ ಮಲಯಾಳದಲ್ಲಿ. ನಿಮ್ಮ ಮಗಳಿಗೆ ಶುರುವಿನಲ್ಲಿ ಹಿಡಿಯಲಿಕ್ಕಿಲ್ಲ.

ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳಾದ ಎನ್‌ಐಟಿಗಳಿಗೆ ಬರೆಯುವ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಕಾಸರಗೋಡಿನ ಕನ್ನಡದ ಹುಡುಗ ಕನ್ನಡದಲ್ಲಿ ಬರೆಯಬೇಕಾದರೆ ಮಂಗಳೂರಿಗೆ ಹೋಗಬೇಕು! ನಿಜ ಹೇಳಬೇಕೆಂದರೆ ನಾನು ಯಾರಿಗೂ ಹಾಗೆ ಮಾಡಲು ಹೇಳುವುದಿಲ್ಲ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ ಪರೀಕ್ಷೆಯ ದಿನ ಪದ ಬದಲಿಸಿದರೆ ಗೊಂದಲವೇ ಜಾಸ್ತಿ.

ಈಗ ಗಡಿನಾಡ ಕೋಟಾ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡಿಗ ಮಕ್ಕಳಿಗೆ ಕರ್ನಾಟಕದ ಸಿಇಟಿ ಸೀಟಿಗೆ ಅರ್ಹತೆ ಉಂಟು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ದಕ್ಷಿಣ ಸೊಲ್ಲಾಪುರದವರಿಗೂ ಹಾಗೆಯೇ. ಈ ತಾಲೂಕುಗಳಲ್ಲಿ ಏಳು ವರ್ಷ ಓದಿದ ದಾಖಲೆ, ಮಾತೃಭಾಷೆಯ ದಾಖಲೆ ಬೇಕು. ಅದರ ಮೇಲೆ ಕನ್ನಡ ಪರೀಕ್ಷೆ ಒಂದು. ನಾಲ್ಕನೇ ತರಗತಿ ಮಟ್ಟದ್ದು, 50 ಅಂಕಕ್ಕೆ, 12 ಬಂದರೆ ಸಾಕು. ಕನ್ನಡ ಮಾಧ್ಯಮದವರು ನಗುತ್ತಾ ಬರೆದು ಬರುತ್ತಾರೆ. ಇಂಗ್ಲಿಷ್ ಮಾಧ್ಯಮದವರದ್ದೇ ಕಥೆ. ಇಂಟಿಗ್ರೇಶನ್ ನೀರು ಕುಡಿದ ಹಾಗೆ ಮಾಡುವ ಹುಡುಗ ಒತ್ತಕ್ಷರ ಎಲ್ಲಿ ಬರೆಯುವುದು ಎಂದು ಅಜ್ಜಿಯ ಹತ್ತಿರ ಕೂತು ಕಾಪಿ ಬರೆಯುತ್ತಿರುತ್ತಾನೆ. ಕಾಗದಪತ್ರಕ್ಕೆ ವಿಲೇಜ್ ಆಫೀಸು, ತಾಲೂಕು ಆಫೀಸು, ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರ ಎಂದು ಅಪ್ಪಂದಿರು ಅಲೆಯಬೇಕು. ಇದನ್ನು ಡಿಸೆಂಬರಿನೊಳಗೆ ಮುಗಿಸಿದರೆ ಮಗು ನೆಮ್ಮದಿಯಲ್ಲಿ ಓದುತ್ತದೆ.

ಏಕೆಂದರೆ ಏಪ್ರಿಲ್ ಬಂದರೆ ಉಸಿರಾಡಲು ಬಿಡುವುದಿಲ್ಲ. 2025ನ್ನೇ ನೋಡಿ. ಮಾರ್ಚಿನಲ್ಲಿ ಪ್ಲಸ್ ಟು ಪರೀಕ್ಷೆ, ಏಪ್ರಿಲ್ ಮೊದಲ ವಾರ ಜೆಇಇ ಮೇನ್‌ನ ಎರಡನೇ ಸುತ್ತು, 14ಕ್ಕೆ ವಿಷು, 16 ಮತ್ತು 17ಕ್ಕೆ ಸಿಇಟಿ, 23ರಿಂದ ಕೀಮ್. ಸಿಇಟಿಯಲ್ಲಿ ಎಲ್ಲ ಗುಂಡಿ ತುಂಬಿ ಅಭ್ಯಾಸವಾದ ಕೈ ಒಂದೇ ವಾರದಲ್ಲಿ ಕೀಮ್‌ಗೆ ಬಂದು ಸುಮ್ಮನಿರಬೇಕು. ಆ ವಾರ ಹೊಸ ಪಾಠ ಮುಟ್ಟಬೇಡಿ ಎನ್ನುತ್ತೇನೆ. ಹಳೆಯ ಕೀಮ್ ಪ್ರಶ್ನೆಗಳನ್ನು ಗಡಿಯಾರ ಇಟ್ಟು ಮಾಡಿ, ಎಷ್ಟು ಬಿಟ್ಟಿರಿ ಎಂದು ಎಣಿಸಿ.

ನಿಮ್ಮ ಮಗಳ ವಿಷಯ. ಅವಳು ಏಳು ವರ್ಷಕ್ಕಿಂತ ಹೆಚ್ಚು ಕರ್ನಾಟಕದಲ್ಲಿ ಓದಿ ಅಲ್ಲಿಯೇ ಹತ್ತನೇ ಪಾಸಾದವಳು. ಆದ್ದರಿಂದ ಸಿಇಟಿಗೆ ಗಡಿನಾಡ ದಾರಿ ಬೇಕಿಲ್ಲ, ಮಾಮೂಲಿ ಅರ್ಹತೆಯೇ ಸಾಕು. ಕೀಮ್‌ನಲ್ಲಿ ಕೇರಳದವರಲ್ಲದವರಿಗೆ ಬೇರೆ ವಿಭಾಗಗಳುಂಟು. ಯಾವುದರಲ್ಲಿ ಬರುತ್ತಾಳೆ ಎನ್ನುವುದು ನಿಮ್ಮ ಕೆಲಸ ಯಾರದ್ದು, ಇಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದರ ಮೇಲೆ ನಿಂತಿದೆ. ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ನಿರ್ಧರಿಸಿ.

ಯಾರೂ ಮೊದಲೇ ಹೇಳದ ಸಂಗತಿ ಎನ್‌ಐಟಿಯದ್ದು. ಅಲ್ಲಿ ಅರ್ಧ ಸೀಟು ಸ್ವಂತ ರಾಜ್ಯದವರಿಗೆ. ಸ್ವಂತ ರಾಜ್ಯ ಎಂದರೆ ಹುಟ್ಟಿದ್ದೂ ಅಲ್ಲ, ಭಾಷೆಯೂ ಅಲ್ಲ, ಹನ್ನೆರಡನೇ ಪಾಸಾದ ರಾಜ್ಯ. ಕಾಸರಗೋಡಿನಿಂದ ಸುರತ್ಕಲ್ ಎನ್‌ಐಟಿಗೆ ಬೆಳಿಗ್ಗೆ ಹೊರಟರೆ ಊಟಕ್ಕೆ ವಾಪಸ್ ಬರಬಹುದು, ಕಲ್ಲಿಕೋಟೆಯದ್ದಕ್ಕೆ ಹತ್ತಿರ ಹತ್ತಿರ 200 ಕಿಲೋಮೀಟರ್. ಆದರೂ ಇಲ್ಲಿ ಪ್ಲಸ್ ಟು ಮಾಡಿದರೆ ನಿಮ್ಮ ಮಗಳಿಗೆ ಸ್ವಂತದ್ದು ಕಲ್ಲಿಕೋಟೆ, ಸುರತ್ಕಲ್ ಹೊರರಾಜ್ಯ. ಸುರತ್ಕಲ್ ಮೇಲೆ ಕಣ್ಣಿದ್ದರೆ ಮಂಗಳೂರಿನಲ್ಲಿ ಪಿಯುಸಿಗೆ ಸೇರಿಸಿ. ಬೆಳಗಿನ ರೈಲಿನಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರದ ಮಕ್ಕಳು ನಿಂತುಕೊಂಡೇ ಹೋಗುತ್ತಾರೆ, ಅವಳಿಗೆ ಜೊತೆ ಸಿಗುತ್ತದೆ. ಸಿಇಟಿಯೇ ಸಾಕು ಎಂದಾದರೆ ಇಲ್ಲಿಯೇ ಓದಿಸಿ. ಪ್ಲಸ್ ವನ್ ಅರ್ಜಿಯನ್ನು ಶಾಲೆಗೆ ಹೋಗಿ ಕೊಡುವುದಲ್ಲ, ಇಡೀ ಜಿಲ್ಲೆಗೆ ಒಂದೇ ಆನ್‌ಲೈನ್ ಅರ್ಜಿ. ಹತ್ತನೇ ಫಲಿತಾಂಶ ಬಂದ ಕೆಲವೇ ದಿನಕ್ಕೆ ಅದು ಶುರುವಾಗುತ್ತದೆ, ಕರ್ನಾಟಕದ ಅಂಕಪಟ್ಟಿ ಕೈಯಲ್ಲಿ ಇಟ್ಟುಕೊಂಡಿರಿ.