ಮಧ್ಯಯುಗದ ಆರಂಭದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಂದಿಗಳನ್ನು ಸಾಕುತ್ತಿದ್ದರು, ಬೇಟೆಯಾಡಿ ತಂದದ್ದಲ್ಲ ಎಂದು ಹೇಗೆ ತಿಳಿಯುತ್ತದೆ?

ಮುಖ್ಯವಾಗಿ ಹಲ್ಲುಗಳಿಂದ. ಹಂದಿಯ ಶಾಶ್ವತ ದವಡೆಹಲ್ಲುಗಳಲ್ಲಿ ಮೊದಲನೆಯದು ಸುಮಾರು 6 ತಿಂಗಳಿಗೆ, ಎರಡನೆಯದು ವರ್ಷದ ಹೊತ್ತಿಗೆ, ಮೂರನೆಯದು ಒಂದೂವರೆ ವರ್ಷದ ಸುಮಾರಿಗೆ ಅಥವಾ ಆಮೇಲೆ ಮೂಡುತ್ತದೆ. ಆದ್ದರಿಂದ ಕಸದ ಗುಂಡಿಯಲ್ಲಿ ಸಿಕ್ಕ ದವಡೆಯೊಂದರಲ್ಲಿ ಎರಡನೆಯ ಹಲ್ಲು ತುಸುವೇ ಸವೆದು, ಮೂರನೆಯದು ಇನ್ನೂ ಮೂಳೆಯೊಳಗೆ ಹುದುಗಿದ್ದರೆ, ಆ ಪ್ರಾಣಿ ಎರಡು ವರ್ಷ ತುಂಬುವ ಮೊದಲೇ ಸತ್ತಿತೆಂದು ಹೇಳಬಹುದು. ಸಫೋಕ್ ಪ್ರಾಂತ್ಯದ ವೆಸ್ಟ್ ಸ್ಟೋ ಎಂಬ ಆಂಗ್ಲೋ-ಸ್ಯಾಕ್ಸನ್ ಹಳ್ಳಿಯ ಉತ್ಖನನದಲ್ಲಿ ದೊರೆತ ಹಂದಿಗಳಲ್ಲಿ ಹೆಚ್ಚಿನವು ಹೀಗೆ ಎಳೆಯವೇ.

ಇದಕ್ಕೆ ಕಾರಣ ಸರಳ. ಹಂದಿ ಹಾಲನ್ನೂ ಉಣ್ಣೆಯನ್ನೂ ಕೊಡುವುದಿಲ್ಲ, ನೇಗಿಲನ್ನೂ ಎಳೆಯುವುದಿಲ್ಲ; ಮೈ ತುಂಬಿದ ಮೇಲೆ ಅದಕ್ಕೆ ಹಾಕುವ ಮೇವು ದಂಡ. ಒಂದೇ ಸೂಲಿನಲ್ಲಿ ಹಲವು ಮರಿಗಳಾಗುವುದರಿಂದ, ಕೆಲವು ಹೆಣ್ಣುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಕೊಯ್ದರೂ ಹಿಂಡು ಕರಗದು.

ವಯಸ್ಸೊಂದೇ ಸಾಲದೆಂಬ ಆಕ್ಷೇಪ ನ್ಯಾಯವೇ. ಆದರೆ ಕಾಡುಹಂದಿಯ ಮೂರನೆಯ ದವಡೆಹಲ್ಲು ಸಾಕುಹಂದಿಯದಕ್ಕಿಂತ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಇನ್ನು ಹುಟ್ಟುತ್ತಲೇ ಸತ್ತ ಮರಿಗಳ ಬೆರಳುದ್ದದ ಮೂಳೆಗಳು ಮನೆಗಳ ನಡುವೆ ಸಿಕ್ಕರೆ, ಅಲ್ಲೇ ಹಂದಿ ಈಯುತ್ತಿತ್ತೆಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ನನ್ನ ದೃಷ್ಟಿಯಲ್ಲಿ ಬೇರೊಂದಿಲ್ಲ.