ಕುಗೆಲ್: ಸಿಹಿಯೋ, ಖಾರವೋ?

ಪ್ರಶ್ನೆ: ಯಹೂದಿಗಳ ಕುಗೆಲ್ ಅಂದ್ರೆ ಒಣದ್ರಾಕ್ಷಿ ಹಾಕಿದ ಸಿಹಿ ಪುಡಿಂಗ್ ಅಂದುಕೊಂಡಿದ್ದೆ. ಮೊನ್ನೆ ಒಂದು ವಿಡಿಯೋದಲ್ಲಿ ಆಲೂಗಡ್ಡೆ, ಈರುಳ್ಳಿಯಿಂದ ಮಾಡಿದ್ದನ್ನೂ ಕುಗೆಲ್ ಎಂದರು. ಯಾವುದು ಅಸಲಿ?

ಉತ್ತರ: ಎರಡೂ ಅಸಲಿಯೇ. ಇದು ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳ ಅಡುಗೆ. ಜರ್ಮನ್‌ನಲ್ಲಿ ಕುಗೆಲ್ ಅಂದ್ರೆ ಗುಂಡು. ಈಗ ಚೌಕ ಟ್ರೇಯಲ್ಲಿ ಬೇಯಿಸುವುದೇ ಜಾಸ್ತಿ, ಹೆಸರು ಮಾತ್ರ ಗುಂಡಗೇ ಉಳಿದಿದೆ!

ನೀವು ಹೇಳಿದ ಸಿಹಿ ಕುಗೆಲ್‌ಗೆ ನೂಡಲ್ಸ್, ಮೊಟ್ಟೆ, ದಾಲ್ಚಿನ್ನಿ, ಎಷ್ಟೋ ಸಲ ಕಾಟೇಜ್ ಚೀಸ್ ಕೂಡ ಬೀಳುತ್ತದೆ. ಚೀಸ್ ಹಾಕಿದರೆ ಮಾಂಸದೂಟದ ಜೊತೆ ಬಡಿಸುವಂತಿಲ್ಲ. ಹಾಲು, ಮಾಂಸ ಬೆರೆಸಬಾರದೆಂಬುದು ಅವರ ಕೋಷರ್, ಅಂದ್ರೆ ಧಾರ್ಮಿಕ ಆಹಾರ ನಿಯಮ. ಎಣ್ಣೆಯಲ್ಲಿ ಮಾಡುವ ಆಲೂಗಡ್ಡೆ ಕುಗೆಲ್‌ಗೆ ಆ ತಂಟೆ ಇಲ್ಲ. ಪಾಸೋವರ್ ಹಬ್ಬದಲ್ಲಿ ಗೋಧಿ ನೂಡಲ್ಸ್ ನಿಷಿದ್ಧ. ಆಗಲೂ ಆಲೂಗಡ್ಡೆಯೇ ಗತಿ.

ನನಗೆ ಇಷ್ಟವಾದದ್ದು ಮಾತ್ರ ಜೆರುಸಲೇಮ್ ಕುಗೆಲ್. ಸಣ್ಣ ನೂಡಲ್ಸ್‌ಗೆ ಕಂದಿಸಿದ ಸಕ್ಕರೆ, ಮೇಲೆ ಕೈತುಂಬ ಕರಿಮೆಣಸು. ಸಿಹಿಯೂ ಹೌದು, ಖಾರವೂ ಹೌದು. ಶಬ್ಬಾತ್, ಅಂದ್ರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ಅವರ ವಾರದ ವಿಶ್ರಾಂತಿ ದಿನ, ಒಲೆ ಹೊತ್ತಿಸುವಂತಿಲ್ಲ. ಹಾಗಾಗಿ ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಸಣ್ಣ ಉರಿಗೆ ಇಟ್ಟುಬಿಡುತ್ತಾರೆ. ರಾತ್ರಿಯಿಡೀ ಬೆಂದು ಕಂದು ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ಉಪ್ಪಲ್ಲಿಟ್ಟ ಸೌತೆಕಾಯಿ.

ನಾನು ಮೊದಲ ಸಲ ಮಾಡಿದಾಗ ಫೋನ್ ಎತ್ತಿದ್ದೇ ತಪ್ಪಾಯ್ತು. ಸಕ್ಕರೆ ಕರಕಲಾಗಿ ಇಡೀ ಟ್ರೇ ಕಹಿ. ಬಾಣಲೆ ಪಕ್ಕದಲ್ಲೇ ನಿಂತಿರಿ, ಜೇನಿನ ಬಣ್ಣ ದಾಟಿ ಚಹಾದ ಬಣ್ಣ ಬಂದ ತಕ್ಷಣ ಇಳಿಸಿ. ಆಲೂಗಡ್ಡೆಯದನ್ನೇ ಮಾಡುತ್ತೀರಾದರೆ, ತುರಿದ ಮೇಲೆ ನೀರು ಚೆನ್ನಾಗಿ ಹಿಂಡಿ. ಟ್ರೇಯಲ್ಲಿ ಎಣ್ಣೆ ಮೊದಲೇ ಕಾದಿರಲಿ, ಅಂಚು ಗರಿಗರಿ ಆಗುತ್ತದೆ.